ಅಗ್ಗದ ಬರ್ಬನ್, ಹೈ ಪ್ರೂಫ್ ಬರ್ಬನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯ ಕಡೆಯವನು. ಹನ್ನೆರಡು ವರ್ಷದಿಂದ ಸಿನ್ಸಿನಾಟಿಯಲ್ಲಿದ್ದೇನೆ. ಓಹಾಯೋ ನದಿಯ ಸೇತುವೆ ದಾಟಿದರೆ ಆ ಕಡೆ ಕೆಂಟಕಿ. ಹಾಗಾಗಿ ಊರಿಂದ ಬರುವ ನೆಂಟರು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು, ಬೆಂಗಳೂರಿನಲ್ಲಿ ಕೂತು ಫೋಟೊ ಕಳಿಸಿ "ಇದು ತಗೋಬಹುದಾ ಗುರೂ?" ಅನ್ನುವ ಗೆಳೆಯರು, ಎಲ್ಲರ ಪ್ರಶ್ನೆಗಳೂ ನನ್ನ ಹತ್ತಿರವೇ ಬರುತ್ತವೆ. ಅವೇ ಪ್ರಶ್ನೆಗಳು, ಅದೇ ಉತ್ತರ. ವಾಟ್ಸಾಪಿನಲ್ಲಿ ಬೆರಳು ಸವೆಸುವುದು ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಕುಡಿಯದವರು ಇದನ್ನು ಓದಿ ಶುರು ಮಾಡಬೇಕಾಗಿಲ್ಲ.

ಬರ್ಬನ್ ಅಂದರೆ ವಿಸ್ಕಿಯೇ ತಾನೆ? ಬೇರೆ ಹೆಸರೇಕೆ?

ವಿಸ್ಕಿಯೇ. ಆದರೆ ಕಾನೂನಿನ ಕಟ್ಟುಪಾಡು ಬಿಗಿ. ಅಮೆರಿಕದಲ್ಲೇ ತಯಾರಾಗಬೇಕು. ಹಾಕುವ ಧಾನ್ಯದಲ್ಲಿ ಕನಿಷ್ಠ ಶೇ. 51 ಜೋಳ ಇರಬೇಕು. ಜೋಳ ಅಂದರೆ ನಮ್ಮ ರೊಟ್ಟಿ ಜೋಳವಲ್ಲ, ಮುಸುಕಿನ ಜೋಳ. ಉಳಿದ ಭಾಗಕ್ಕೆ ಸಾಮಾನ್ಯವಾಗಿ ರೈ (ಗೋಧಿಯಂಥದ್ದೇ ಒಂದು ಧಾನ್ಯ) ಇಲ್ಲವೇ ಗೋಧಿ, ಜೊತೆಗೆ ಮೊಳಕೆ ಕಟ್ಟಿದ ಬಾರ್ಲಿ. ಭಟ್ಟಿ ಇಳಿಸುವಾಗ ಆಲ್ಕೋಹಾಲ್ ಶೇ. 80 ದಾಟುವಂತಿಲ್ಲ, ಪೀಪಾಯಿಗೆ ತುಂಬುವಾಗ ಶೇ. 62.5 ದಾಟುವಂತಿಲ್ಲ. ಪೀಪಾಯಿ ಹೊಸದಾಗಿರಬೇಕು, ಒಳಗೋಡೆ ಬೆಂಕಿಯಲ್ಲಿ ಸುಟ್ಟಿರಬೇಕು, ಮರ ಓಕ್ ಆಗಿರಬೇಕು. ಬಾಟಲಿಗೆ ಬರುವಾಗ ಕನಿಷ್ಠ ಶೇ. 40. ನೀರು ಬಿಟ್ಟು ಬಣ್ಣ, ಎಸೆನ್ಸ್, ಸಕ್ಕರೆ ಏನನ್ನೂ ಬೆರೆಸುವಂತಿಲ್ಲ.

ಈ ಕೊನೆಯ ಮಾತು ಎರಡು ಸಲ ಓದಿ. ಹದಿನೈದು ಡಾಲರಿನ ಬಾಟಲಿಯೂ ಇದೇ ಕಾನೂನಿಗೆ ತಲೆಬಾಗಬೇಕು, ಸಾವಿರ ಡಾಲರಿನದ್ದೂ ಅಷ್ಟೇ. ಅಗ್ಗದ ಬರ್ಬನ್ ಬಗ್ಗೆ ನಾನು ಮುಂದೆ ಹೇಳುವುದೆಲ್ಲ ಈ ಬುನಾದಿಯ ಮೇಲೆ ನಿಂತಿದೆ.

ಕೆಂಟಕಿಯಲ್ಲಿ ಮಾಡಿದ್ದು ಮಾತ್ರ ಬರ್ಬನ್ ಅಲ್ಲವೇ?

ಅಲ್ಲ. ಅಮೆರಿಕದ ಯಾವ ರಾಜ್ಯದಲ್ಲಾದರೂ ಮಾಡಬಹುದು. ಹೆಚ್ಚಿನ ಪಾಲು ಬರುವುದು ಕೆಂಟಕಿಯಿಂದ, ಅದು ನಿಜ. ಅಲ್ಲಿನ ಸುಣ್ಣಕಲ್ಲಿನಿಂದ ಜಿನುಗುವ ನೀರಿನಲ್ಲಿ ಕಬ್ಬಿಣದ ಅಂಶ ಕಡಿಮೆ, ವಿಸ್ಕಿಗೆ ಒಳ್ಳೆಯದು.

ಬರ್ಬನ್ ಬಿಸ್ಕತ್ತಿಗೂ ಇದಕ್ಕೂ ಏನು ಸಂಬಂಧ?

ನಗಬೇಡಿ, ವರ್ಷಕ್ಕೆ ಇಬ್ಬರಾದರೂ ಕೇಳುತ್ತಾರೆ. ಬಿಸ್ಕತ್ತು ಲಂಡನ್ನಿನಲ್ಲಿ 1910ರಲ್ಲಿ ಹುಟ್ಟಿದ್ದು, ಹೆಸರು ಫ್ರಾನ್ಸಿನ ರಾಜವಂಶದ್ದು. ಅದರಲ್ಲಿ ಒಂದು ತೊಟ್ಟೂ ವಿಸ್ಕಿ ಇಲ್ಲ. ಅಜ್ಜಿಗೆ ಧೈರ್ಯವಾಗಿ ಕೊಡಿ.

ಜಾಕ್ ಡೇನಿಯಲ್ಸ್ ಬರ್ಬನ್ನೇ?

ನಿಯಮ ಹಿಡಿದು ನೋಡಿದರೆ ಬರ್ಬನ್ನಿನ ಲಕ್ಷಣ ಎಲ್ಲ ಇದೆ. ಆದರೆ ಪೀಪಾಯಿಗೆ ಹಾಕುವ ಮೊದಲು ಮೇಪಲ್ ಮರದ ಇದ್ದಿಲಿನ ಮೂಲಕ ಸೋಸುತ್ತಾರೆ. ಅವರು ಅದನ್ನು ಟೆನೆಸಿ ವಿಸ್ಕಿ ಎಂದೇ ಕರೆಯುತ್ತಾರೆ. ಅದರಲ್ಲಿ ಮಾಗಿದ ಬಾಳೆಹಣ್ಣಿನ ಪರಿಮಳ ಇದೆ ಅಂತ ಒಮ್ಮೆ ಯಾರಾದರೂ ಹೇಳಿಬಿಟ್ಟರೆ ಮುಗಿಯಿತು, ಮತ್ತೆ ಅದನ್ನು ಮರೆಯಲಾಗುವುದಿಲ್ಲ. ಈಗ ನಾನು ಹೇಳಿಬಿಟ್ಟೆ.

ಪ್ರೂಫ್ ಲೆಕ್ಕ ಅರ್ಥವಾಗುತ್ತಿಲ್ಲ. ನಮ್ಮೂರ ಬಾಟಲಿ ಮೇಲೆ 75 ಪ್ರೂಫ್, ಇಲ್ಲಿ 101. ಇಷ್ಟೊಂದು ವ್ಯತ್ಯಾಸವೇ?

ಎರಡೂ ಬೇರೆ ಬೇರೆ ಅಳತೆ. ಅಮೆರಿಕದಲ್ಲಿ ಪ್ರೂಫ್ ಅಂದರೆ ಆಲ್ಕೋಹಾಲ್ ಶೇಕಡಾವಾರಿನ ಸರಿಯಾಗಿ ಎರಡರಷ್ಟು. 101 ಪ್ರೂಫ್ ಅಂದರೆ ಶೇ. 50.5, ಕತೆ ಮುಗಿಯಿತು.

ಭಾರತದ ಲೇಬಲ್ಲಿನಲ್ಲಿರುವುದು ಬ್ರಿಟಿಷರು ಬಿಟ್ಟುಹೋದ ಅಳತೆ. ಹಿಂದೆ ಮದ್ಯದಲ್ಲಿ ಕೋವಿಮದ್ದನ್ನು ನೆನೆಸಿ ಬೆಂಕಿ ಹಚ್ಚುತ್ತಿದ್ದರಂತೆ. ಹತ್ತಿಕೊಂಡರೆ ಮಾಲು ಸಾಚಾ, ಹತ್ತದಿದ್ದರೆ ನೀರು ಬೆರೆಸಿದ್ದಾರೆ ಅಂತ ಲೆಕ್ಕ. ಆ ಗಡಿ ಬರುವುದು ಸುಮಾರು ಶೇ. 57.1ರ ಹತ್ತಿರ. ಅದೇ ಅವರ 100. ನಮ್ಮ ಬಾಟಲಿಯ '42.8, 75 ಪ್ರೂಫ್, 25 ಯು.ಪಿ.' ಎಂಬ ಮೂರು ಬರಹವೂ ಒಂದೇ ಮಾತು: ಆ ಗಡಿಗಿಂತ 25 ಡಿಗ್ರಿ ಕೆಳಗೆ (ಯು.ಪಿ. ಅಂದರೆ ಅಂಡರ್ ಪ್ರೂಫ್). ಅದೇ ಬಾಟಲಿಯನ್ನು ಅಮೆರಿಕದ ಅಳತೆಗೆ ಹಾಕಿದರೆ 85.6 ಪ್ರೂಫ್. ಇಲ್ಲಿಯ 101 ಅನ್ನು ನಮ್ಮೂರ ಅಳತೆಗೆ ತಂದರೆ ಸುಮಾರು 88. ಅಂದರೆ ವ್ಯತ್ಯಾಸ ಇದೆ, ಆದರೆ ಗಾಬರಿ ಬೀಳುವಷ್ಟಿಲ್ಲ.

ಪ್ರೂಫ್ ಮರೆತು ಶೇಕಡಾವಾರು ಮಾತ್ರ ನೋಡಿ. ತಲೆನೋವು ತಪ್ಪುತ್ತದೆ, ಆ ತಲೆನೋವಾದರೂ.

ಹಾಗಾದರೆ ಹೈ ಪ್ರೂಫ್ ಶುರುವಾಗುವುದು ಎಲ್ಲಿಂದ?

ಕಾನೂನಿನ ಗೆರೆ ಇಲ್ಲ. ರೂಢಿಯಲ್ಲಿ 100 ಪ್ರೂಫ್ ಮುಟ್ಟಿದರೆ ಹೈ ಅನ್ನುತ್ತಾರೆ. ನನ್ನ ಮಟ್ಟಿಗೆ 100, 101 ದಿನಬಳಕೆಯ ಮಟ್ಟ, 114 ದಾಟಿದ ಮೇಲೆ ಸ್ವಲ್ಪ ಭಯ-ಭಕ್ತಿ ಬೇಕು.

'ಬ್ಯಾರೆಲ್ ಪ್ರೂಫ್' ಅಂತ ಬರೆದಿದ್ದರೆ ಪೀಪಾಯಿಯಿಂದ ತೆಗೆದಾಗ ಇದ್ದ ಕಡುಪಿಗಿಂತ ಎರಡು ಪ್ರೂಫ್‌ಗಿಂತ ಹೆಚ್ಚು ಇಳಿಸಿಲ್ಲ ಅಂತ ಅರ್ಥ. ಹೆಚ್ಚುಕಮ್ಮಿ ನೀರೇ ಸೋಕಿಲ್ಲ. ಇಲ್ಲೊಂದು ಸೋಜಿಗ ಇದೆ. ತುಂಬುವಾಗ 125 ಪ್ರೂಫ್ ಮೀರಬಾರದು ಅಂತ ಕಾನೂನು, ಆದರೆ ಹೊರಬರುವಾಗ ಕೆಲವು 135, 140 ಆಗಿರುತ್ತವೆ. ಹೇಗೆ? ಕೆಂಟಕಿಯ ಉಗ್ರಾಣಗಳು ಹಲವು ಅಂತಸ್ತಿನ ಅಟ್ಟಣಿಗೆಗಳು, ಬಹುತೇಕ ಕಡೆ ಎಸಿ ಗಿಸಿ ಏನಿಲ್ಲ. ಬೇಸಿಗೆಯಲ್ಲಿ ಮೇಲಿನ ಅಂತಸ್ತಿಗೆ ಹತ್ತಿದರೆ ತಗಡಿನ ಸೂರಿನ ಕೆಳಗೆ ಕೂತ ಹಾಗೆ. ಆ ಒಣ ಸೆಕೆಗೆ ಮರದ ಮೂಲಕ ಆಲ್ಕೋಹಾಲಿಗಿಂತ ನೀರೇ ಬೇಗ ಆವಿಯಾಗುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ತಂಪಾದ, ತೇವದ ಸ್ಕಾಟ್ಲೆಂಡಿನಲ್ಲಿ ಇದು ತಿರುಗಾಮುರುಗಾ, ವರ್ಷ ಕಳೆದಂತೆ ಕಡುಪು ಇಳಿಯುತ್ತದೆ.

140 ದಾಟಿದ್ದಕ್ಕೆ ಇಲ್ಲಿನ ಹವ್ಯಾಸಿಗಳು 'ಹ್ಯಾಜ್‌ಮ್ಯಾಟ್', ಅಂದರೆ ಅಪಾಯಕಾರಿ ಸರಕು, ಅನ್ನುತ್ತಾರೆ. ಶೇ. 70 ಮೀರಿದ ಮದ್ಯವನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅದಕ್ಕೆ ಆ ಅಡ್ಡಹೆಸರು.

'ಬಾಟಲ್ಡ್ ಇನ್ ಬಾಂಡ್' ಅಂದರೆ?

ಅಗ್ಗದಲ್ಲಿ ಒಳ್ಳೆಯದು ಬೇಕಾದವರು ಮೊದಲು ಹುಡುಕಬೇಕಾದ ಮೂರು ಪದ. 19ನೇ ಶತಮಾನದ ಕೊನೆಯಲ್ಲಿ ಹಸಿ ಮದ್ಯಕ್ಕೆ ಒಣದ್ರಾಕ್ಷಿಯಂಥ ಹಣ್ಣಿನ ರಸ, ತಂಬಾಕಿನ ನೀರು, ಇನ್ನೂ ಏನೇನೋ ಸೇರಿಸಿ ಬಣ್ಣ ಕಟ್ಟಿಸಿ ಹಳೇ ವಿಸ್ಕಿ ಅಂತ ಮಾರುವವರ ಹಾವಳಿ ಜೋರಾಗಿತ್ತು. ಕರ್ನಲ್ ಇ. ಎಚ್. ಟೇಲರ್ ಎಂಬ ಭಟ್ಟಿ ಮಾಲೀಕ ಮತ್ತು ಖಜಾನೆ ಕಾರ್ಯದರ್ಶಿಯಾಗಿದ್ದ ಜಾನ್ ಕಾರ್ಲೈಲ್ ಬೆನ್ನು ಹತ್ತಿ 1897ರಲ್ಲಿ ಕಾಯ್ದೆ ತರಿಸಿದರು. ಒಂದೇ ಡಿಸ್ಟಿಲರಿ, ಒಂದೇ ಹಂಗಾಮಿನ ಮಾಲು, ಸರ್ಕಾರದ ಉಸ್ತುವಾರಿಯ ಉಗ್ರಾಣದಲ್ಲಿ ಕನಿಷ್ಠ 4 ವರ್ಷ, ಬಾಟಲಿಗೆ ಸರಿಯಾಗಿ 100 ಪ್ರೂಫ್. ಒಂದು ಕೂದಲು ಹೆಚ್ಚಿಲ್ಲ, ಕಮ್ಮಿ ಇಲ್ಲ.

ಕಳ್ಳರನ್ನು ಹಿಡಿಯಲು ಮಾಡಿದ ಕಾನೂನು. ನೂರಿಪ್ಪತ್ತು ವರ್ಷ ಕಳೆದ ಮೇಲೆ ನನ್ನಂಥ ಜಿಪುಣನಿಗೆ ಉಪಯೋಗಕ್ಕೆ ಬರುತ್ತಿದೆ.

ಅಗ್ಗ ಅಂದಮೇಲೆ ಕಳಪೆ ಇರಲೇಬೇಕಲ್ಲ?

ಊರಿನ ಅನುಭವದಿಂದ ಬರುವ ಅನುಮಾನ ಇದು. ನಮ್ಮಲ್ಲಿ ಅಗ್ಗದ ವಿಸ್ಕಿಯಲ್ಲಿ ಬಹುಪಾಲು ಕಾಕಂಬಿಯ ಸ್ಪಿರಿಟ್. ದುಬಾರಿಯಾದಂತೆ ಮಾಲೇ ಬದಲಾಗುತ್ತದೆ. ಬರ್ಬನ್ನಿನಲ್ಲಿ ಹಾಗಲ್ಲ. ಒಂದೇ ಭಟ್ಟಿಯಲ್ಲಿ, ಒಂದೇ ಧಾನ್ಯದ ಲೆಕ್ಕದಲ್ಲಿ ಇಳಿಸಿದ ಮದ್ಯ ಬೇರೆ ಬೇರೆ ಅಂತಸ್ತಿನಲ್ಲಿ, ಬೇರೆ ಬೇರೆ ವರ್ಷ ಕೂತು, ಬೇರೆ ಬೇರೆ ಲೇಬಲ್ಲು ಹಚ್ಚಿಕೊಂಡು ಹೊರಬರುತ್ತದೆ. ಹೆವೆನ್ ಹಿಲ್ ಸಂಸ್ಥೆಯ ಇವಾನ್ ವಿಲಿಯಮ್ಸ್ ಮತ್ತು ಅದಕ್ಕಿಂತ ಮೂರು-ನಾಲ್ಕು ಪಟ್ಟು ಬೆಲೆಯ ಎಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್, ಎರಡರದ್ದೂ ಮೂಲ ಒಂದೇ: ಜೋಳ 78, ರೈ 10, ಬಾರ್ಲಿ 12. ಅಣ್ಣತಮ್ಮಂದಿರು. ಒಬ್ಬ ಹೆಚ್ಚು ವರ್ಷ ಓದಿದ್ದಾನೆ, ನೀರು ಬೆರೆಸದೆ ಮಾತಾಡುತ್ತಾನೆ.

ಇನ್ನೊಂದು ಲೆಕ್ಕ ಮಾಡಿ ನೋಡಿ. 750 ಎಂಎಲ್‌ನ 100 ಪ್ರೂಫ್ ಬಾಟಲಿಗೆ ಮನೆಯಲ್ಲೇ ನೀರು ಬೆರೆಸಿ 80 ಪ್ರೂಫ್‌ಗೆ ಇಳಿಸಿದರೆ ಸುಮಾರು 937 ಎಂಎಲ್ ಆಗುತ್ತದೆ. ಹೆಚ್ಚಿಗೆ ಸಿಕ್ಕಿದ್ದು 187. ಅಂದರೆ ಬೆಲೆ ಒಂದೇ ಇದ್ದರೆ 100 ಪ್ರೂಫ್ ತಗೊಂಡವನಿಗೆ ಒಂದು ಕ್ವಾರ್ಟರ್ ಪುಕ್ಕಟೆ. ನಮ್ಮ ಕಡೆ ಬಾರಿನಲ್ಲಿ ಇದನ್ನು ವಿವರಿಸಿದರೆ ಯಾರಿಗೂ ಎರಡನೇ ಸಲ ಹೇಳಬೇಕಾಗಿಲ್ಲ.

ಶುರುವಿಗೆ ಯಾವ ಬಾಟಲಿಗಳನ್ನು ತಗೊಳ್ಳಲಿ?

ನಾನು ಎಲ್ಲರಿಗೂ ಹೇಳುವುದು ನಾಲ್ಕು. ನಾಲ್ಕೂ ಸೇರಿಸಿದರೆ ಆಗುವ ಖರ್ಚಿನಲ್ಲಿ ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟಿರುವ ಒಂದು ಬಾಟಲಿಯೂ ಬರುವುದಿಲ್ಲ.

ಇವಾನ್ ವಿಲಿಯಮ್ಸ್ ಬಿಳಿ ಲೇಬಲ್. ಬಾಟಲ್ಡ್ ಇನ್ ಬಾಂಡ್, ಶೇ. 50. ಇಲ್ಲಿ ಇಪ್ಪತ್ತು ಡಾಲರಿನ ಆಸುಪಾಸು. ಮೂಗಿಗೆ ಹುರಿದ ಕಡಲೆಬೀಜ, ಆಮೇಲೆ ಚಿಕ್ಕಿ. ಕೊನೆಯಲ್ಲಿ ಸ್ವಲ್ಪ ಹಸಿ ಮರ ತಾಗುತ್ತದೆ, ಅದು ಇದರ ಊನ. ಕಪ್ಪು ಲೇಬಲ್ಲಿನದ್ದು 86 ಪ್ರೂಫ್, ಇನ್ನೂ ಅಗ್ಗ. ಆದರೆ ಎರಡು ಮೂರು ಡಾಲರ್ ಉಳಿಸಲು ಅದನ್ನು ಕೊಳ್ಳಬೇಡಿ.

ವೈಲ್ಡ್ ಟರ್ಕಿ 101. ಶೇ. 50.5. ನನ್ನ ಮನೆಯಲ್ಲಿ ಖಾಲಿಯಾಗಲು ಬಿಡದ ಬಾಟಲಿ ಇದೊಂದೇ. ಜೋಳ 75, ರೈ 13, ಬಾರ್ಲಿ 12. ಪೀಪಾಯಿಯನ್ನು 4ನೇ ನಂಬರಿನ ಸುಡುವಿಕೆಗೆ ಒಡ್ಡುತ್ತಾರೆ. ಒಳಗೋಡೆ ಬಿರಿದು ಮೊಸಳೆ ಚರ್ಮದ ಹಾಗೆ ಕಾಣುತ್ತದೆ. ಕಾನೂನು 125ರವರೆಗೆ ಬಿಟ್ಟರೂ ಇವರು ಪೀಪಾಯಿಗೆ ತುಂಬುವುದು 115 ಪ್ರೂಫ್‌ನಲ್ಲಿ. ಹಾಗಾಗಿ ಬಾಟಲಿಗೆ ಬರುವಾಗ ಬೆರೆಸುವ ನೀರೂ ಕಡಿಮೆ. ಕೆಂಟಕಿಯ ಲಾರೆನ್ಸ್‌ಬರ್ಗಿನ ಈ ಡಿಸ್ಟಿಲರಿಯಲ್ಲಿ ಜಿಮ್ಮಿ ರಸೆಲ್ 1954ರಲ್ಲಿ ಕೆಲಸಕ್ಕೆ ಸೇರಿದವರು. ಮಗ ಎಡ್ಡಿ 1981ರಲ್ಲಿ ಸೇರಿದರು. ರುಚಿಯನ್ನು ಕಾಲಕ್ಕೆ ತಕ್ಕಂತೆ ತೆಳು ಮಾಡದೆ ಉಳಿಸಿಕೊಂಡ ಮನೆ ಅದು. ಚಕ್ಕೆ, ಕಿತ್ತಳೆ ಸಿಪ್ಪೆ, ಸುಟ್ಟ ಸಕ್ಕರೆ.

ಓಲ್ಡ್ ಗ್ರ್ಯಾಂಡ್‌ಡ್ಯಾಡ್ 114. ಶೇ. 57. ಕಿತ್ತಳೆ ಬಣ್ಣದ ಲೇಬಲ್ಲಿನ ಮೇಲಿರುವ ಮುದುಕ ಬೇಸಿಲ್ ಹೇಡನ್. ಇದರಲ್ಲಿ ರೈ ಶೇ. 27. ಸಾಮಾನ್ಯ ಬರ್ಬನ್ನಿನ ಎರಡರಷ್ಟು. ಹಾಗಾಗಿ ಸಿಹಿಗಿಂತ ಖಾರ ಮುಂದು. ಮೆಣಸು, ಲವಂಗ. ನಮ್ಮ ನಾಲಿಗೆಗೆ ಇದು ಬೇಗ ಹಿಡಿಸುತ್ತದೆ ಅನ್ನುವುದು ನನ್ನ ಅನುಭವ.

ನಾಲ್ಕನೆಯದು ಮೇಕರ್ಸ್ ಮಾರ್ಕ್, ಶೇ. 45. ಇಲ್ಲಿ ರೈ ಇಲ್ಲವೇ ಇಲ್ಲ, ಅದರ ಜಾಗದಲ್ಲಿ ಗೋಧಿ. ಮೃದು. ಇದನ್ನು ಪಟ್ಟಿಗೆ ಸೇರಿಸಿರುವುದು ಹೈ ಪ್ರೂಫ್ ಅಂತ ಅಲ್ಲ, ಗೋಧಿಗೂ ರೈಗೂ ವ್ಯತ್ಯಾಸ ನಾಲಿಗೆಗೆ ತಿಳಿಯಲಿ ಅಂತ.

ಕೈ ಸ್ವಲ್ಪ ಸಡಿಲ ಬಿಡುವುದಾದರೆ ಐದನೆಯದಾಗಿ ವೈಲ್ಡ್ ಟರ್ಕಿಯ ರೇರ್ ಬ್ರೀಡ್. 116.8 ಪ್ರೂಫ್, ಶೇ. 58.4.

ಒಂದರ ಪಕ್ಕ ಒಂದಿಟ್ಟು ಹೋಲಿಸುವುದು ಹೇಗೆ?

ನಾನು ಮೊದಲ ಸಲ ಮಾಡಿದ ಹಾಗೆ ಮಾತ್ರ ಮಾಡಬೇಡಿ. ಆರು ಜನರನ್ನು ಊಟಕ್ಕೆ ಕರೆದು, ಮೇಜಿನ ಮೇಲೆ ಕಾಂಗ್ರೆಸ್ ಕಡಲೆಬೀಜ, ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹರಡಿ, ಉತ್ಸಾಹದಲ್ಲಿ 128 ಪ್ರೂಫ್‌ನ ಬಾಟಲಿಯನ್ನೇ ಮೊದಲು ಬಗ್ಗಿಸಿದೆ. ಎರಡನೇ ಗ್ಲಾಸಿನಿಂದ ಆಚೆಗೆ ಎಲ್ಲವೂ ನೀರು. ಮೆಣಸಿನಕಾಯಿ ಯಾವುದು, ವಿಸ್ಕಿ ಯಾವುದು ಅಂತ ಯಾರಿಗೂ ಗೊತ್ತಾಗಲಿಲ್ಲ. ಬಜ್ಜಿಗೆ ಮಾತ್ರ ಒಳ್ಳೆ ಅಂಕ ಬಂತು.

ಈಗ ಮಾಡುವ ಕ್ರಮ ಹೀಗೆ. ಊಟಕ್ಕೆ ಮೊದಲು ಕೂರುತ್ತೇವೆ. ಬಾಯಿ ತೊಳೆಯಲು ನೀರು, ಉಪ್ಪಿಲ್ಲದ ಮಂಡಕ್ಕಿ. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಗ್ಲಾಸು ಇದ್ದರೆ ಪರಿಮಳ ಒಂದೆಡೆ ಕೂಡುತ್ತದೆ, ಇಲ್ಲದಿದ್ದರೆ ಎಲ್ಲರಿಗೂ ಒಂದೇ ಥರದ ಸಣ್ಣ ಲೋಟ ಸಾಕು. ಒಬ್ಬರು ಒಳಗೆ ಹೋಗಿ ಸುರಿದು ತಳಕ್ಕೆ ನಂಬರ್ ಅಂಟಿಸಿ ತರುತ್ತಾರೆ, ಕುಡಿಯುವವರಿಗೆ ಯಾವುದು ಯಾವುದೆಂದು ಗೊತ್ತಿರುವುದಿಲ್ಲ. ಕಡಿಮೆ ಪ್ರೂಫ್‌ನಿಂದ ಹೆಚ್ಚಿನ ಕಡೆಗೆ. ಒಂದು ಗ್ಲಾಸಿಗೆ 15 ಎಂಎಲ್ ಮಾತ್ರ.

ಇಷ್ಟು ಎಲ್ಲರೂ ಹೇಳುತ್ತಾರೆ. ನಾನು ಸೇರಿಸಿಕೊಂಡಿದ್ದು ಎರಡು.

ಒಂದು, ಎರಡನೇ ಸುತ್ತಿನಲ್ಲಿ ಎಲ್ಲವನ್ನೂ ಒಂದೇ ಕಡುಪಿಗೆ ಇಳಿಸುವುದು. ಶೇ. 58ರ ಪಕ್ಕದಲ್ಲಿ ಶೇ. 43 ಇಟ್ಟರೆ ನೀವು ಹೋಲಿಸುತ್ತಿರುವುದು ಉರಿಯನ್ನು, ರುಚಿಯನ್ನಲ್ಲ. ಜೋರಾಗಿ ಹಾಡುವವನೇ ಚೆನ್ನಾಗಿ ಹಾಡಿದ ಹಾಗೆ ಕೇಳಿಸುತ್ತದಲ್ಲ, ಅದೇ ಕತೆ. ಮಗುವಿಗೆ ಔಷಧಿ ಹಾಕುವ ಸಿರಿಂಜ್ ತಗೊಳ್ಳಿ. 15 ಎಂಎಲ್ ವಿಸ್ಕಿಯನ್ನು ಶೇ. 45ಕ್ಕೆ ತರಲು ರೇರ್ ಬ್ರೀಡ್‌ಗೆ 4.5 ಎಂಎಲ್ ನೀರು, 114ಕ್ಕೆ 4, ಟರ್ಕಿ 101ಕ್ಕೆ 1.8, ಬಿಳಿ ಲೇಬಲ್ಲಿಗೆ 1.7, ಮೇಕರ್ಸ್ ಮಾರ್ಕ್‌ಗೆ ಏನೂ ಬೇಡ. ಸೂತ್ರ ಸುಲಭ: ವಿಸ್ಕಿಯ ಎಂಎಲ್ ಅನ್ನು ಅದರ ಶೇಕಡಾವಾರಿನಿಂದ ಗುಣಿಸಿ, ಬೇಕಾದ ಶೇಕಡಾವಾರಿನಿಂದ ಭಾಗಿಸಿ. ಬಂದಿದ್ದರಲ್ಲಿ ವಿಸ್ಕಿ ಕಳೆದರೆ ನೀರು.

ಎರಡು, ಒಂದು ಬಾಟಲಿಯನ್ನು ಗುಟ್ಟಾಗಿ ಎರಡು ಗ್ಲಾಸಿಗೆ ಹಾಕುವುದು. ಇದು ಅಹಂಕಾರ ಇಳಿಸುವ ಮದ್ದು. 101 ಅನ್ನು ಕಣ್ಣು ಕಟ್ಟಿದರೂ ಗುರುತಿಸುತ್ತೇನೆ ಅಂತ ವರ್ಷಗಟ್ಟಲೆ ಕೊಚ್ಚಿಕೊಂಡವನು ನಾನು. ಒಂದು ಶನಿವಾರ ಹೆಂಡತಿ ಅದನ್ನೇ 2 ಮತ್ತು 5ನೇ ಗ್ಲಾಸಿಗೆ ಸುರಿದಿದ್ದಳು. ನನ್ನ ಹಾಳೆಯಲ್ಲಿ 2ಕ್ಕೆ "ದಪ್ಪ, ಸಿಹಿ, ಹತ್ತಕ್ಕೆ 8", 5ಕ್ಕೆ "ತೆಳು, ಮರದ ಪುಡಿ, 5" ಅಂತ ಇತ್ತು. ಆ ಹಾಳೆ ಈಗಲೂ ಫ್ರಿಜ್ಜಿನ ಬಾಗಿಲ ಮೇಲಿದೆ, ತೆಗೆಯಲು ಅವಳು ಬಿಟ್ಟಿಲ್ಲ. ಅಂದಿನಿಂದ ಒಂದೂವರೆ ಅಂಕದ ವ್ಯತ್ಯಾಸಕ್ಕೆ ನಾನು ಬೆಲೆ ಕೊಡುವುದಿಲ್ಲ. ಮೂರು ಬೇರೆ ಬೇರೆ ದಿನ ಒಂದೇ ಬಾಟಲಿ ಮುಂದೆ ಬಂದರೆ ಆಗ ನಂಬುತ್ತೇನೆ.

ಅದೇ ಮೇಜಿನ ಮೇಲೆ ನಾನು ಅಚ್ಚು ಬೆಲೆಯ ಮೂರು ಪಟ್ಟು ಕೊಟ್ಟು ತಂದಿದ್ದ ಬಾಟಲಿಯೂ ಇತ್ತು. ಹೆಸರು ಹೇಳುವುದಿಲ್ಲ. ಶೇ. 45ಕ್ಕೆ ಇಳಿಸಿದ ಸುತ್ತಿನಲ್ಲಿ ಆರು ಜನರಲ್ಲಿ ನಾಲ್ವರು ಅದಕ್ಕಿಂತ ಮೇಲೆ ಬಿಳಿ ಲೇಬಲ್ಲನ್ನು ಇಟ್ಟಿದ್ದರು. ಆ ನಾಲ್ವರಲ್ಲಿ ನಾನೂ ಒಬ್ಬ.

ನೀರು ಹಾಕಿದರೆ ವಿಸ್ಕಿಗೆ ಅವಮಾನ ಅಂತಾರಲ್ಲ?

ಬಾಟಲಿ ತುಂಬುವವರು ಬೆರೆಸಿದರೆ ಮರ್ಯಾದೆ, ನೀವು ಬೆರೆಸಿದರೆ ಅವಮಾನವೇ? 80 ಪ್ರೂಫ್ ಅಂದರೇ ನೀರು ಬೆರೆತದ್ದು. ವಿಸ್ಕಿಯ ಹೊಗೆ, ಮಸಾಲೆಯ ಪರಿಮಳಕ್ಕೆ ಕಾರಣವಾದ ಗ್ವಾಯಕಾಲ್‌ನಂಥ ಅಣುಗಳು ಕಡುಪು ತಗ್ಗಿದಾಗ ಮೇಲ್ಮೈ ಹತ್ತಿರ ಸೇರುತ್ತವೆ, ಶೇ. 59 ದಾಟಿದರೆ ಒಳಗೇ ಅಡಗುತ್ತವೆ ಎಂದು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ. ಹೈ ಪ್ರೂಫ್ ಕೊಳ್ಳುವುದರ ಲಾಭವೇ ಅದು, ಎಷ್ಟು ನೀರು ಅನ್ನುವುದು ನಿಮ್ಮ ಕೈಯಲ್ಲಿದೆ. ಮೊದಲು ಹಾಗೇ ಒಂದು ಗುಟುಕು, ಆಮೇಲೆ ಅರ್ಧ ಚಮಚ, ಆಮೇಲೆ ಇನ್ನರ್ಧ.

ಐಸ್ ಬೇರೆ ವಿಚಾರ. ತಣ್ಣಗಾದರೆ ಮೂಗು ಮುಚ್ಚಿದಂತೆ. ಸೆಕೆಗಾಲದ ಸಂಜೆ ಹಾಕಿಕೊಳ್ಳಿ, ಹೋಲಿಸುವಾಗ ಬೇಡ.

ನನಗೆ ಬರೀ ಉರಿ ಗೊತ್ತಾಗುತ್ತದೆ. ವೆನಿಲಾ, ಕ್ಯಾರಮೆಲ್ ಅಂತಾರಲ್ಲ, ಅದೆಲ್ಲಿದೆ?

ಗ್ಲಾಸಿನೊಳಗೆ ಮೂಗು ತೂರಿಸಿ ಜೋರಾಗಿ ಎಳೆಯಬೇಡಿ. ಗದ್ದದ ಮಟ್ಟಕ್ಕೆ ಹಿಡಿದು, ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ. ಮೊದಲ ಗುಟುಕು ಲೆಕ್ಕಕ್ಕಿಲ್ಲ, ಅದು ನಾಲಿಗೆಗೆ ಸಮಾಚಾರ ತಿಳಿಸುವುದಕ್ಕೆ. ಎರಡನೆಯದನ್ನು ಅನ್ನ ಅಗಿದಂತೆ ಬಾಯಲ್ಲಿ ಅಗಿಯಿರಿ. ಕೆಂಟಕಿಯವರು ಇದಕ್ಕೆ 'ಕೆಂಟಕಿ ಚ್ಯೂ' ಅನ್ನುತ್ತಾರೆ, ಜಿಮ್ ಬೀಮ್ ಮನೆತನದ ಬುಕರ್ ನೋ ಹೀಗೆ ಅಗಿಯುವುದಕ್ಕೇ ಹೆಸರಾಗಿದ್ದವರು. ನುಂಗಿದ ಮೇಲೆ ಎದೆಯಲ್ಲಿ ಹರಡುವ ಬಿಸುಪಿಗೆ 'ಕೆಂಟಕಿ ಹಗ್' (ಕೆಂಟಕಿ ಅಪ್ಪುಗೆ) ಅನ್ನುತ್ತಾರೆ.

ಇನ್ನು ಪದಗಳು. ಅಮೆರಿಕದವರ ಟೇಸ್ಟಿಂಗ್ ಪದಕೋಶ ನಮ್ಮ ಮೂಗಿಗೆ ಹೊಂದುವುದಿಲ್ಲ. ಮಾರ್ಶ್‌ಮ್ಯಾಲೊ ಸುಟ್ಟ ವಾಸನೆ ಅಂದರೆ ನನಗೇನು ಗೊತ್ತು? ನನಗೆ ಗೊತ್ತಿರುವುದು ಆಲೆಮನೆ. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬಂದು ಅಚ್ಚಿಗೆ ಸುರಿಯುವ ಮೊದಲಿನ ಆ ಐದು ನಿಮಿಷ, ಅಂಚಿನಲ್ಲಿ ಚೂರು ಸೀದ ವಾಸನೆ. 101ರ ಗ್ಲಾಸು ಹತ್ತು ನಿಮಿಷ ಗಾಳಿಗೆ ಬಿಟ್ಟು ಮೂಸಿದರೆ ನಾನು ಅಲ್ಲಿಗೇ ಹೋಗುತ್ತೇನೆ. ಅದಕ್ಕೆ ಕಾರಣವೂ ಇದೆ. ಓಕ್ ಮರವನ್ನು ಸುಟ್ಟಾಗ ಅದರೊಳಗಿನ ಹೆಮಿಸೆಲ್ಯುಲೋಸ್ ಒಡೆದು ಸಕ್ಕರೆ ಕರಗಿದಂಥ ಪರಿಮಳ ಬರುತ್ತದೆ. ಲಿಗ್ನಿನ್ ಒಡೆದರೆ ವೆನಿಲಾ. ಅದೇ ಮರದ ಲ್ಯಾಕ್ಟೋನ್‌ಗಳು ಕೊಬ್ಬರಿ. ಹೊಸ ಬಾಗಿಲು ಕೂರಿಸುವ ಬಡಗಿಯ ಸುತ್ತಲ ವಾಸನೆ, ಒಣಕೊಬ್ಬರಿ ಗಿಟಕು, ಚಕ್ಕೆ-ಲವಂಗದ ಡಬ್ಬಿ, ಹಸಿ ಅಡಿಕೆಯ ಚೊಗರು. ಈ ಪಟ್ಟಿ ಇಟ್ಟುಕೊಂಡು ಕೂರಿ, ಎಲ್ಲ ಸಿಗುತ್ತವೆ.

ಹೆಚ್ಚು ವರ್ಷ ಆದಷ್ಟೂ ಒಳ್ಳೆಯದೇ?

ಸ್ಕಾಚ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅವರದ್ದು ಬಹುಪಾಲು ಬಳಸಿದ ಪೀಪಾಯಿ, ಇಲ್ಲಿಯದು ಹೊಸತು, ಹವೆಯೂ ಬಿಸಿ. ಮರದ ರುಚಿ ಬೇಗ ಇಳಿಯುತ್ತದೆ. ನನ್ನ ನಾಲಿಗೆಗೆ ಆರರಿಂದ ಹತ್ತು ವರ್ಷ ಸರಿ. ಹದಿನೈದು ದಾಟಿದ ಕೆಲವು ಕುಡಿದಿದ್ದೇನೆ, ಚೊಗರು ಹಲ್ಲಿಗೆ ಹಿಡಿಯುವಷ್ಟು.

ಎಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್ ಲೇಬಲ್ಲಿನಲ್ಲಿ 'ಸಿ923' ಅಂತೆಲ್ಲ ಇರುತ್ತದೆ. ಏನದು?

ಎ, ಬಿ, ಸಿ ಅಂದರೆ ವರ್ಷದ ಎಷ್ಟನೇ ಕಂತು. ಮುಂದಿನ ಅಂಕಿ ತಿಂಗಳು, ಕೊನೆಯ ಎರಡು ವರ್ಷ. ಸಿ923 ಅಂದರೆ 2023ರ ಮೂರನೇ ಕಂತು, ಸೆಪ್ಟೆಂಬರ್. ಪ್ರತಿ ಕಂತಿನ ಪ್ರೂಫ್ ಬೇರೆ, ರುಚಿಯೂ ಬೇರೆ. ಗೆಳೆಯ ಹೊಗಳಿದ ಕಂತೇ ನಿಮಗೂ ಸಿಕ್ಕಿದೆಯೇ ಅಂತ ನೋಡಿ ಆಮೇಲೆ ಅವನನ್ನು ಬೈಯಿರಿ.

ಕೋಕ್ ಬೆರೆಸಬಹುದೇ?

ಧಾರಾಳವಾಗಿ. ಬೆರೆಸುವುದಕ್ಕೂ 100, 101ರದ್ದೇ ವಾಸಿ, 80ರದ್ದು ಕೋಕಿನಲ್ಲಿ ಕಾಣೆಯಾಗುತ್ತದೆ.

ಹೈ ಪ್ರೂಫ್ ಒಂದು ಪೆಗ್ ಅಂದರೆ ಊರಿನ ಲೆಕ್ಕದಲ್ಲಿ ಎಷ್ಟು?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದ್ದು ಇದೇ. ರೇರ್ ಬ್ರೀಡ್ 60 ಎಂಎಲ್‌ನಲ್ಲಿರುವ ಆಲ್ಕೋಹಾಲ್ ಸುಮಾರು 35 ಎಂಎಲ್. ನಮ್ಮೂರ 42.8ರದ್ದರಲ್ಲಿ ಅಷ್ಟು ಸೇರಬೇಕಾದರೆ 82 ಎಂಎಲ್ ಕುಡಿಯಬೇಕು. ಹತ್ತಿರ ಹತ್ತಿರ ನೈಂಟಿ. ರೇರ್ ಬ್ರೀಡ್, 114, 101, ಬಿಳಿ ಲೇಬಲ್ ನಾಲ್ಕರಿಂದಲೂ 15 ಎಂಎಲ್ ತಗೊಂಡರೆ ನೋಡುವುದಕ್ಕೆ 60 ಎಂಎಲ್, ಒಳಗಿರುವುದು ಊರಿನ ಸುಮಾರು 76 ಎಂಎಲ್‌ಗೆ ಸಮ. ಗ್ಲಾಸು ಎಣಿಸಿದರೆ ಮೋಸ ಹೋಗುತ್ತೀರಿ. ನಮ್ಮ ಮನೆಗೆ ಬರುವವರು ಕಾರಿನ ಕೀಲಿಯನ್ನು ಮೊದಲೇ ನನ್ನ ಹೆಂಡತಿಯ ಕೈಗೆ ಕೊಡಬೇಕು, ಉಳಿದುಕೊಳ್ಳಲು ಹಾಸಿಗೆ ಇದೆ. ಉಗುಳುವುದಕ್ಕೆ ಒಂದು ಮಗ್ಗೂ ಇಡುತ್ತೇವೆ. ಮೊದಮೊದಲು ಎಲ್ಲರೂ ನಗುತ್ತಾರೆ, ಐದನೇ ಗ್ಲಾಸಿಗೆ ಅದರ ಬೆಲೆ ತಿಳಿಯುತ್ತದೆ.

ಬೆಂಗಳೂರಿನಲ್ಲಿ ಇವೆಲ್ಲ ಸಿಗುತ್ತವೆಯೇ?

ಜಿಮ್ ಬೀಮ್, ಮೇಕರ್ಸ್ ಮಾರ್ಕ್‌ನಂಥವು ದೊಡ್ಡ ಅಂಗಡಿಗಳಲ್ಲಿ ಕಾಣುತ್ತವೆ. ಬರ್ಬನ್ ಮೇಲಿನ ಆಮದು ಸುಂಕವನ್ನು ಭಾರತ 2025ರ ಫೆಬ್ರವರಿಯಲ್ಲಿ ಶೇ. 150ರಿಂದ 100ಕ್ಕೆ ಇಳಿಸಿತು. ಆದರೂ ಅದರ ಮೇಲೆ ರಾಜ್ಯದ ಅಬಕಾರಿ ಸುಂಕ ಕೂತಾಗ 'ಅಗ್ಗದ ಬರ್ಬನ್' ಅನ್ನುವ ಮಾತೇ ಅಲ್ಲಿ ಉಳಿಯುವುದಿಲ್ಲ. ಇಲ್ಲಿ ದಿನಬಳಕೆಗೆ ತಗೊಳ್ಳುವುದನ್ನು ಅಲ್ಲಿ ಹಬ್ಬಕ್ಕೆ ತಗೊಳ್ಳಬೇಕಾಗುತ್ತದೆ.

ಬೆಂಗಳೂರಿನವರಿಗೆ ಬರ್ಬನ್ನಿನ ರುಚಿ ಮನೆ ಬಾಗಿಲಿಗೇ ಬಂದಿರುವುದು ಬೇರೆ ದಾರಿಯಿಂದ. ಬರ್ಬನ್‌ಗೆ ಹೊಸ ಪೀಪಾಯಿಯೇ ಬೇಕು ಅಂತ ಕಾನೂನು ಇರುವುದರಿಂದ ಒಮ್ಮೆ ಬಳಸಿದ ಪೀಪಾಯಿ ಇವರಿಗೆ ಬೇಡ. ಅವು ಹಡಗು ಹತ್ತಿ ಜಗತ್ತಿನ ಮೂಲೆ ಮೂಲೆಗೆ ಹೋಗುತ್ತವೆ. ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರಿ ತನ್ನ ಸಿಂಗಲ್ ಮಾಲ್ಟ್ ಅನ್ನು ಮಾಗಿಸುವುದು ಅಂಥ ಬರ್ಬನ್ ಪೀಪಾಯಿಗಳಲ್ಲೂ. 1948ರಲ್ಲಿ ಶುರುವಾದ ಆ ಸಂಸ್ಥೆ ಸಿಂಗಲ್ ಮಾಲ್ಟ್ ಅನ್ನು ಮೊದಲು ಬಿಡುಗಡೆ ಮಾಡಿದ್ದು 2004ರಲ್ಲಿ, ಅದೂ ಗ್ಲಾಸ್ಗೋದಲ್ಲಿ. ದೇವತೆಗಳ ಪಾಲು ಅಂತ ಪೀಪಾಯಿಯಿಂದ ಆವಿಯಾಗಿ ಗಾಳಿಗೆ ಹೋಗುವುದು ಕೆಂಟಕಿಯಲ್ಲಿ ವರ್ಷಕ್ಕೆ ಶೇ. 3ರಿಂದ 5 ಆದರೆ ಬೆಂಗಳೂರಿನಲ್ಲಿ ಶೇ. 10ರ ಮೇಲೆ. ಅಮೃತ್ ಫ್ಯೂಷನ್ ಶೇ. 50. ಅದನ್ನು ಒಂದು ಬಾಟಲ್ಡ್ ಇನ್ ಬಾಂಡ್ ಪಕ್ಕ ಇಟ್ಟು ಕುಡಿದು ನೋಡಿ. ಕಡುಪು ಒಂದೇ, ಸಿರಿಂಜ್ ಬೇಡ. ಹೊಗೆ ಫ್ಯೂಷನ್ನಿನದ್ದು, ವೆನಿಲಾ ಇಬ್ಬರದ್ದೂ.

ತೆರೆದ ಬಾಟಲಿ ಎಷ್ಟು ದಿನ ಇರುತ್ತದೆ?

ಕತ್ತಲಲ್ಲಿ ನಿಲ್ಲಿಸಿಟ್ಟರೆ ವರ್ಷ ಗಟ್ಟಿ. ಕಾಲು ಭಾಗಕ್ಕಿಂತ ಕೆಳಗೆ ಇಳಿದ ಮೇಲೆ ಗಾಳಿ ಹೆಚ್ಚಾಗಿ ರುಚಿ ಚಪ್ಪೆಯಾಗತೊಡಗುತ್ತದೆ. ಹೈ ಪ್ರೂಫ್‌ನವು ಕೆಲವು ತೆರೆದ ಎರಡು ವಾರಕ್ಕೆ ಮೊದಲ ದಿನಕ್ಕಿಂತ ಚೆನ್ನಾಗಿರುತ್ತವೆ, ಹಾಗಾಗಿ ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ. ಮಲಗಿಸಿ ಇಡಬೇಡಿ, ಬಿರಡೆ ಹಾಳಾಗುತ್ತದೆ.

ಊರಿಗೆ ಬರುವಾಗ ಯಾವುದು ತರಲಿ, ಎಷ್ಟು ತರಬಹುದು?

ಚೆಕ್-ಇನ್ ಬ್ಯಾಗಿನಲ್ಲಿ ಶೇ. 24ರಿಂದ 70ರವರೆಗಿನದ್ದು ಸೀಲ್ ಒಡೆಯದ ಬಾಟಲಿಯಲ್ಲಿ ತಲೆಗೆ 5 ಲೀಟರ್ ಅಂತ ಇಲ್ಲಿನ ವಿಮಾನದ ನಿಯಮ. ಆದರೆ ಭಾರತದ ಕಸ್ಟಮ್ಸ್ ಸುಂಕವಿಲ್ಲದೆ ಬಿಡುವುದು 2 ಲೀಟರ್. ಚಿಕ್ಕದಾದ ಈ ಸಂಖ್ಯೆಯೇ ನಿಮ್ಮ ಲೆಕ್ಕ. 750 ಎಂಎಲ್‌ನ ಮೂರು ತಂದರೆ 2,250, ಬೇಡದ ಮಾತುಕತೆ. 101 ಒಂದು ಲೀಟರಿನ ಬಾಟಲಿಯಲ್ಲೂ ಬರುತ್ತದೆ, ಎರಡು ತಗೊಳ್ಳಿ. ಒಂದೊಂದನ್ನೂ ಬೇರೆ ಬೇರೆ ಪ್ಯಾಂಟಿನ ಕಾಲಿಗೆ ತೂರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೂಟ್‌ಕೇಸಿನ ನಡುವೆ ಇಡಿ. ಅಂಚಿನಲ್ಲಿ ಇಟ್ಟು ನಾನೊಮ್ಮೆ ಅಮ್ಮನಿಗೆ ತಂದಿದ್ದ ಸ್ವೆಟರ್ ಅನ್ನು ಹಾಳು ಮಾಡಿಕೊಂಡಿದ್ದೇನೆ. ಮೂರು ಸಲ ಒಗೆದರೂ ಅದರಿಂದ ಬೆಲ್ಲದ ವಾಸನೆ ಹೋಗಲಿಲ್ಲ.